ನೀರು ಎಲ್ಲರದು, ದಾರಿ ಯಾರದು?

ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಬೇಸಗೆ ಬಂದಿತೆಂದರೆ ಸರೋವರಗಳ ದಡದಲ್ಲಿ ಒಂದು ಹಳೆಯ ಜಗಳವು ಹೊಸದಾಗಿ ಹೊತ್ತಿಕೊಳ್ಳುವುದು. ಒಂದು ಪಕ್ಷದವರು ನೀರಿನ ಅಂಚಿನಲ್ಲಿ ಮನೆ ಕಟ್ಟಿಕೊಂಡಿರುವ ಗೃಹಸ್ಥರು. ಇನ್ನೊಂದು ಪಕ್ಷದವರು ಗಾಳದ ಕೋಲು ಹಿಡಿದು ದೋಣಿಯೇರಿ ಬರುವ ಮೀನು ಬೇಟೆಗಾರರು. 'ನಮ್ಮ ಮನೆಯ ಮುಂದಣ ನೀರಿನಲ್ಲಿ ನಿಮಗೇನು ಕೆಲಸ?' ಎಂದು ಮೊದಲಿನವರು ಕೇಳುವರು. 'ಮನೆಯೇನೋ ನಿಮ್ಮದು, ನೀರನ್ನು ನಿಮಗೆ ಬರೆದುಕೊಟ್ಟವರಾರು?' ಎಂದು ಎರಡನೆಯವರು ಮರುನುಡಿಯುವರು. ಮಾತು ಬೆಳೆದು ಪೋಲೀಸರವರೆಗೂ, ಕೆಲವೊಮ್ಮೆ ನ್ಯಾಯಾಲಯದವರೆಗೂ ಹೋಗುವುದುಂಟು. ಇದು ಸಮುದ್ರದಾಚೆಯ ಉಳ್ಳವರ ಬಿಡುವಿನ ಜಗಳವೆಂದು ನಮ್ಮ ವಾಚಕರಲ್ಲಿ ಕೆಲವರು ಭಾವಿಸಬಹುದು. ಆದರೆ ಈ ಜಗಳದ ತಳದಲ್ಲಿರುವ ನ್ಯಾಯತತ್ತ್ವವು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದ ತೀರ್ಪಿನೊಳಗೂ ಬಂದು ಕುಳಿತು ಕಾಲು ಶತಮಾನ ಕಳೆದಿರುವುದು. ಕೆರೆಗಳ ಸುತ್ತಲೂ ಬಡಾವಣೆಗಳು ಏಳುತ್ತಿರುವ ನಮ್ಮ ನಾಡಿನವರು ಅಲ್ಲಿಯ ಅನುಭವವನ್ನು ವಿಚಾರಿಸಿ ನೋಡುವುದು ಲೇಸೆಂದು ತೋರಿ, ಇಂದು ಈ ವಿಷಯವನ್ನು ಎತ್ತಿಕೊಂಡಿರುವೆವು.

ಮೊದಲು ಜಗಳದ ಸ್ವರೂಪವನ್ನು ತಿಳಿಯಬೇಕು. ವಿಸ್ಕಾನ್ಸಿನ್ ಸಂಸ್ಥಾನವೊಂದರಲ್ಲಿಯೇ 15,000ಕ್ಕೂ ಮೇಲ್ಪಟ್ಟು ಸರೋವರಗಳಿವೆ. ಮಿಚಿಗನ್, ಮಿನೆಸೋಟಾ ಸಂಸ್ಥಾನಗಳೂ ಇಂಥವೇ. ಈ ಸರೋವರಗಳ ದಡದ ನೆಲವು ಬಹುಮಟ್ಟಿಗೆ ಖಾಸಗಿಯವರ ಕೈಯಲ್ಲಿದ್ದು, ಮನೆಯೊಡೆಯರು ದಡದಿಂದ ನೀರಿನೊಳಕ್ಕೆ ಕಂಬಗಳನ್ನು ನೆಟ್ಟು, ಮೇಲೆ ಹಲಗೆ ಹಾಸಿ, ದೋಣಿಗಟ್ಟೆಗಳನ್ನು ನಿರ್ಮಿಸಿಕೊಂಡಿರುವರು. ಅಲ್ಲಿಯ ಬೇಟೆಗಾರರಿಗೆ ಬಹು ಪ್ರಿಯವಾದುದು ಬಾಸ್ ಎಂಬ ಮೀನು. ಬಿಸಿಲೇರಿದೊಡನೆ ಈ ಮೀನು ನೆರಳನ್ನು ಅರಸುವುದು; ದಡದ ಬಳಿಯಲ್ಲಿ ನೆರಳೆಂದರೆ ಈ ದೋಣಿಗಟ್ಟೆಗಳ ಅಡಿಯ ನೆರಳೇ. ಹೀಗಾಗಿ ಬೇಟೆಗಾರನು ನಡುನೀರನ್ನು ಬಿಟ್ಟು ಮನೆಯವರ ಕಟ್ಟೆಯ ಸಮೀಪಕ್ಕೇ ಬಂದು, ಹಲಗೆಯ ಅಡಿಗೂ, ಕಟ್ಟಿ ನಿಲ್ಲಿಸಿದ ದೋಣಿಗಳ ಸಂದಿಗೂ ಕೃತಕ ಎರೆಯನ್ನು ಬೀಸಿ ಎಸೆಯುವನು. ಎಸೆದ ಗುರಿ ತಪ್ಪಿದರೆ ಗಾಳದ ಕೊಕ್ಕೆಯು ಹಗ್ಗಕ್ಕೋ ದೋಣಿಯ ಹೊದಿಕೆಗೋ ಸಿಕ್ಕಿಕೊಳ್ಳುವುದು. ಅವನು ದಾರವನ್ನು ಕಡಿದುಕೊಂಡು ಹೊರಟುಹೋದರೆ, ಕೊಕ್ಕೆಯು ಅಲ್ಲಿಯೇ ಉಳಿದು ಮರುದಿನ ಈಜಲಿಳಿದ ಮಗುವಿನ ಕಾಲಿಗೆ ತಗುಲಬಹುದು.

ಗೃಹಸ್ಥರ ಅಹವಾಲು ಪೊಳ್ಳೆಂದು ನಾವು ಹೇಳಲಾರೆವು. ಅವರು ನೀರಿನ ನೋಟಕ್ಕಾಗಿ ಹೆಚ್ಚಿನ ಬೆಲೆ ಕೊಟ್ಟು ನೆಲವನ್ನು ಕೊಂಡವರು. ಆ ಬೆಲೆಗೆ ತಕ್ಕ ತೆರಿಗೆಯನ್ನೂ ವರುಷವರುಷವೂ ತೆರುವವರು. ಬೆಳಗಿನ ಜಾವದಲ್ಲಿ ಕಿಟಕಿಯ ಮುಂದೆಯೇ ಅಪರಿಚಿತರ ಮಾತು, ಯಂತ್ರದ ಸದ್ದು ಇವುಗಳನ್ನು ಯಾರೂ ಪ್ರೀತಿಯಿಂದ ಸ್ವಾಗತಿಸುವುದಿಲ್ಲ. ಅನೇಕ ಕಡೆಗಳಲ್ಲಿ ಮನೆಯೊಡೆಯರೇ ಸಂಘಗಳನ್ನು ಕಟ್ಟಿಕೊಂಡು ಕಳೆ ತೆಗೆಯಿಸುವರು, ನೀರಿನ ಪರೀಕ್ಷೆ ಮಾಡಿಸುವರು. ಹೊರಗಿನ ದೋಣಿಗಳ ಸಂಗಡ ಬರುವ ಕೇಡು ಇನ್ನೊಂದಿದೆ. ಪರದೇಶದಿಂದ ಬಂದ ಜೀಬ್ರಾ ಮಸೆಲ್ ಎಂಬ ಪುಟ್ಟ ಚಿಪ್ಪುಜಂತುವು 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಮೊದಲು ಕಾಣಿಸಿಕೊಂಡು, ಅಲ್ಲಿಂದ ದೋಣಿಗಳ ತಳಕ್ಕೂ ಅವುಗಳೊಳಗೆ ನಿಂತ ನೀರಿಗೂ ಸೇರಿ ಸರೋವರದಿಂದ ಸರೋವರಕ್ಕೆ ಹರಡಿತು. ಒಮ್ಮೆ ಹೊಕ್ಕರೆ ಹೊರಡಿಸುವುದು ಬಹು ಕಷ್ಟ. ಆದುದರಿಂದ ತೊಳೆಯದ ದೋಣಿಯನ್ನು ಇಳಿಸಬೇಡವೆನ್ನುವ ಗೃಹಸ್ಥನು ಸ್ವಾರ್ಥಕ್ಕಾಗಿಯೇ ಆಡುವನೆಂದು ತಿಳಿಯಲಾಗದು. ಆದರೆ ಅದೇ ಗೃಹಸ್ಥನ ಹುಲ್ಲಂಗಳದ ಗೊಬ್ಬರವೂ, ಮಲಗುಂಡಿಯ ಒಸರೂ ಅದೇ ನೀರಿಗಿಳಿದು ಪಾಚಿಯನ್ನು ಬೆಳೆಸುವುದೆಂಬುದನ್ನು ಅವನೂ ನೆನೆಯಬೇಕು.

ಇನ್ನು ಬೇಟೆಗಾರರ ಪಕ್ಷ. ಅವರೂ ಪುಕ್ಕಟೆಯಾಗಿ ಬರುವವರಲ್ಲ. ಸಂಸ್ಥಾನ ಸರಕಾರಕ್ಕೆ ಹಣ ತೆತ್ತು ರಹದಾರಿ ಪಡೆದಲ್ಲದೆ ಅವರು ಗಾಳ ಹಾಕುವಂತಿಲ್ಲ. ಇದಲ್ಲದೆ, 1950ರ ಡಿಂಗೆಲ್-ಜಾನ್ಸನ್ ಶಾಸನದ ಪ್ರಕಾರ, ಗಾಳ, ಕೋಲು, ರಾಟೆ ಮೊದಲಾದ ಸಲಕರಣೆಗಳ ಮೇಲೆ ತಯಾರಕರಿಂದ ನೂರಕ್ಕೆ 10ರಂತೆ ಕೇಂದ್ರ ಸರಕಾರವು ಸುಂಕವನ್ನು ವಸೂಲುಮಾಡಿ, ಮೀನಿನ ಸಂತತಿಯ ರಕ್ಷಣೆಗಾಗಿ ಸಂಸ್ಥಾನಗಳಿಗೆ ಹಂಚುವುದು. ತಯಾರಕನು ತೆತ್ತುದು ಕೊನೆಗೆ ಕೊಳ್ಳುವವನ ತಲೆಯ ಮೇಲೆಯೇ ಬೀಳುವುದಷ್ಟೆ. ಸಂಸ್ಥಾನಗಳು ಹೀಗೆ ಪಡೆದ ಹಣದಲ್ಲಿ ನೂರಕ್ಕೆ 15 ಪಾಲನ್ನು ದೋಣಿಗಳು ನೀರಿಗಿಳಿಯುವ ಸೌಕರ್ಯಗಳಿಗೆ ವೆಚ್ಚಮಾಡಬೇಕೆಂದೂ ವಿಧಿಸಲಾಗಿದೆ. ಸರೋವರಗಳಿಗೆ ಬಿಡುವ ಮರಿಮೀನುಗಳನ್ನು ಬಹುಮಟ್ಟಿಗೆ ಸಾಕುವುದು ಇಂಥ ಹಣದಿಂದಲೇ. ಹೀಗಿರಲು, 'ನಾವು ಹಣ ಕೊಟ್ಟು ಬೆಳೆಯಿಸಿದ ಮೀನನ್ನು ಇನ್ನೊಬ್ಬರ ಮನೆಯ ಮುಂದೆ ಸುಳಿಯಿತೆಂಬ ಕಾರಣದಿಂದಲೇ ನಾವು ಮುಟ್ಟಬಾರದೇ?' ಎಂದು ಅವರು ಕೇಳುವುದು ಅನ್ಯಾಯವಾಗಿ ತೋರದು.

ಈ ಎರಡು ಪಕ್ಷಗಳ ನಡುವೆ ಧರ್ಮಶಾಸ್ತ್ರವು ಏನೆನ್ನುವುದು? ಹರಿಯುವ ನೀರೂ, ಕಡಲೂ, ಕಡಲ ದಡವೂ ಸ್ವಭಾವತಃ ಎಲ್ಲರಿಗೂ ಸೇರಿದವುಗಳೆಂದು 6ನೆಯ ಶತಮಾನದಲ್ಲಿ ರೋಮಿನ ಚಕ್ರವರ್ತಿ ಜಸ್ಟೀನಿಯನ್ನನ ಸಂಹಿತೆಯು ಸಾರಿತು. ಈ ಮೂಲಸೂತ್ರವು ಇಂಗ್ಲೆಂಡಿನ ನ್ಯಾಯಪದ್ಧತಿಯ ಮೂಲಕ ಅಮೇರಿಕೆಯನ್ನು ಮುಟ್ಟಿತು. 1787ರಲ್ಲಿ ವಾಯವ್ಯ ಪ್ರಾಂತದ ಆಡಳಿತಕ್ಕಾಗಿ ಮಾಡಿದ ಶಾಸನವು, ಮಿಸಿಸಿಪಿ ಮತ್ತು ಸೇಂಟ್ ಲಾರೆನ್ಸ್ ನದಿಗಳನ್ನು ಸೇರುವ ನೌಕಾಯೋಗ್ಯ ಜಲಗಳು ಸುಂಕವಿಲ್ಲದ ಸಾರ್ವಜನಿಕ ಹೆದ್ದಾರಿಗಳಾಗಿ ಶಾಶ್ವತವಾಗಿ ಉಳಿಯತಕ್ಕವೆಂದು ವಿಧಿಸಿತು. ವಿಸ್ಕಾನ್ಸಿನ್ ಸಂಸ್ಥಾನವು 1848ರಲ್ಲಿ ತನ್ನ ರಾಜ್ಯಾಂಗವನ್ನು ಬರೆದಾಗ ಅದೇ ವಿಧಿಯನ್ನು ಅದರಲ್ಲಿ ಸೇರಿಸಿಕೊಂಡಿತು. ಸರಕಾರವು ಇಂಥ ನೀರಿಗೆ ಒಡೆಯನಲ್ಲ, ಪ್ರಜೆಗಳ ಪರವಾಗಿ ಅದನ್ನು ಕಾಯುವ ಧರ್ಮದರ್ಶಿ ಮಾತ್ರ ಎಂಬುದು ಇದರ ತಾತ್ಪರ್ಯ. ಇದಕ್ಕೆ ಸಾರ್ವಜನಿಕ ನ್ಯಾಸತತ್ತ್ವವೆಂದು ಹೆಸರು.

ಈ ತತ್ತ್ವವು ಬರಿಯ ಶೋಭೆಯ ಮಾತಲ್ಲವೆಂದು ತೋರಿಸಿದುದು ಷಿಕಾಗೋ ನಗರದ ವ್ಯಾಜ್ಯ. ಇಲಿನಾಯ್ ಸಂಸ್ಥಾನದ ಶಾಸನಸಭೆಯು 1869ರಲ್ಲಿ ಆ ನಗರದ ಮುಂದಣ ಮಿಚಿಗನ್ ಸರೋವರದ ತಳವನ್ನು, 1,000 ಎಕರೆಗೂ ಮೀರಿದಷ್ಟು, ಇಲಿನಾಯ್ ಸೆಂಟ್ರಲ್ ರೈಲ್ವೆ ಕಂಪೆನಿಗೆ ಕೊಟ್ಟುಬಿಟ್ಟಿತು. 1873ರಲ್ಲಿ ತಾನೇ ಎಚ್ಚತ್ತು ಆ ದಾನವನ್ನು ರದ್ದುಪಡಿಸಿತು. ಕಂಪೆನಿಯವರು ಬಿಡಲಿಲ್ಲ. 1892ರಲ್ಲಿ ಸಂಯುಕ್ತ ಸಂಸ್ಥಾನಗಳ ಸರ್ವೋಚ್ಚ ನ್ಯಾಯಾಲಯವು, ನ್ಯಾಯಮೂರ್ತಿ ಸ್ಟೀಫನ್ ಫೀಲ್ಡರ ಲೇಖನಿಯಿಂದ, ಪ್ರಜೆಗಳ ನ್ಯಾಸವಾಗಿರುವ ಜಲರಾಶಿಯನ್ನು ಶಾಸನಸಭೆಯೂ ಸಾರಾಸಗಟಾಗಿ ಪರಭಾರೆ ಮಾಡಲಾರದೆಂದು ತೀರ್ಮಾನಿಸಿತು. ಕಾಯಲು ಕೊಟ್ಟ ಒಡವೆಯನ್ನು ಕಾವಲುಗಾರನು ಮಾರಲಾಗದೆಂಬ, ನಮ್ಮ ಹಳ್ಳಿಗನೂ ಬಲ್ಲ ನ್ಯಾಯವಿದು.

ಅನಂತರದ ತೀರ್ಪುಗಳು ಇದನ್ನು ಬೇಟೆಗಾರನ ದೋಣಿಯವರೆಗೂ ತಂದವು. ವಿಸ್ಕಾನ್ಸಿನ್ನಿನ ರಾಕ್ ನದಿಯಲ್ಲಿ, ತಳದ ನೆಲವು ಒಂದು ಬೇಟೆಯ ಸಂಘಕ್ಕೆ ಸೇರಿದ್ದ ಕಡೆ, ಒಬ್ಬನು ದೋಣಿಯಲ್ಲಿ ಕುಳಿತು ಹಕ್ಕಿಯ ಬೇಟೆಯಾಡಿದನು. ಸಂಘದವರು ಅತಿಕ್ರಮ ಪ್ರವೇಶವೆಂದು ದಾವೆ ಹೂಡಿದರು. 1914ರಲ್ಲಿ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯವು, ನೌಕಾಯೋಗ್ಯವಾದ ನೀರಿನ ಮೇಲೆ ಇರುವವನು ಅತಿಕ್ರಮಿಯಲ್ಲವೆಂದು ದಾವೆಯನ್ನು ತಳ್ಳಿಹಾಕಿತು. 1926ರಲ್ಲಿ ಮಿಚಿಗನ್ನಿನ ಪೈನ್ ನದಿಯಲ್ಲಿ ಕಾಲ್ನಡೆಯಾಗಿಯೇ ನೀರಿಗಿಳಿದು ಗಾಳ ಹಾಕಿದವನ ಮೇಲೆಯೂ ಇಂಥದೇ ದಾವೆ ಬಂದಿತು. ತಳದ ನೆಲವು ದಡದವನದಾದರೂ ಮೀನು ಹಿಡಿಯುವ ಹಕ್ಕು ಪ್ರಜೆಗಳದೆಂದು ಅಲ್ಲಿಯ ನ್ಯಾಯಾಧೀಶರು ತೀರ್ಪಿತ್ತರು. ಕಾಲು ನೀರಿನಲ್ಲಿರುವವರೆಗೆ ನಿನ್ನನ್ನು ಯಾರೂ ಎಬ್ಬಿಸಲಾರರು ಎಂಬುದು ವಿಸ್ಕಾನ್ಸಿನ್ನಿನ ಬೇಟೆಗಾರರಿಗೆ ಬಾಯಿಪಾಠವಾಗಿರುವ ನಿಯಮ. ಮಹಾಸರೋವರಗಳ ದಡದಲ್ಲಿ ಕೆಲವು ಸಂಸ್ಥಾನಗಳು ಇನ್ನೂ ಮುಂದೆ ಹೋಗಿವೆ. ನೀರು ಸಾಮಾನ್ಯವಾಗಿ ಏರಿ ನಿಲ್ಲುವ ಗೆರೆಯವರೆಗೆ, ಅಲ್ಲಿ ಆಗ ನೀರಿಲ್ಲದಿದ್ದರೂ, ಜನರು ದಡದಲ್ಲಿ ನಡೆದಾಡಬಹುದೆಂದು 2005ರಲ್ಲಿ ಮಿಚಿಗನ್ನಿನ ನ್ಯಾಯಾಲಯವೂ, ಆ ಗೆರೆಯವರೆಗಿನ ನೆಲವೇ ಸಂಸ್ಥಾನದ್ದೆಂದು 2018ರಲ್ಲಿ ಇಂಡಿಯಾನಾದ ನ್ಯಾಯಾಲಯವೂ ಹೇಳಿದವು.

ಎಲ್ಲೆಡೆಯೂ ನ್ಯಾಯದ ಮುಖ ಒಂದೇ ಎನ್ನುವಂತಿಲ್ಲ. ಯೂಟಾ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯವು 2008ರಲ್ಲಿ, ನೀರಿನ ಮೇಲಿನ ಹಕ್ಕಿನೊಡನೆ ಅದರ ತಳವನ್ನು ಕಾಲಿಂದ ಮುಟ್ಟುವ ಹಕ್ಕೂ ಉಂಟೆಂದಿತು. 2010ರಲ್ಲಿ ಶಾಸನಸಭೆಯು ನೆಲದೊಡೆಯರ ಪರವಾಗಿ ಆ ಹಕ್ಕನ್ನು ಮೊಟಕುಮಾಡಿತು; 2023ರಲ್ಲಿ ನ್ಯಾಯಾಲಯವು ಆ ಶಾಸನವನ್ನೇ ಎತ್ತಿಹಿಡಿಯಿತು. ದಕ್ಷಿಣ ಡಕೋಟಾದ ಕಥೆ ಇನ್ನೂ ವಿಚಿತ್ರವಾದುದು. ಅಲ್ಲಿ 1990ರ ದಶಕದ ಅತಿವೃಷ್ಟಿಯಿಂದ ರೈತರ ಹೊಲಗಳೇ ಮುಳುಗಿ ಸರೋವರಗಳಾದವು. ಮೀನು ಬಂದಿತು, ಮೀನಿನ ಹಿಂದೆ ಬೇಟೆಗಾರರೂ ಬಂದರು. ಹೊಲವನ್ನು ಕಳೆದುಕೊಂಡ ರೈತನು ತನ್ನ ನೆಲದ ಮೇಲೆಯೇ ಅಪರಿಚಿತರ ದೋಣಿಗಳು ತೇಲುವುದನ್ನು ನೋಡಬೇಕಾಯಿತು. ನೀರು ಪ್ರಜೆಗಳದೇ, ಆದರೆ ಅದರ ಮೇಲಿನ ವಿಹಾರದ ವಿಷಯವನ್ನು ಶಾಸನಸಭೆಯೇ ತೀರ್ಮಾನಿಸಲಿ ಎಂದು ನ್ಯಾಯಾಲಯವು 2004ರಲ್ಲಿಯೂ 2017ರಲ್ಲಿಯೂ ಹೇಳಿತು. 2017ರ ಜೂನ್ ತಿಂಗಳಿನಲ್ಲಿ ಸಭೆಯು ವಿಶೇಷವಾಗಿ ಸೇರಿ ಒಂದು ರಾಜಿಯನ್ನು ಶಾಸನವಾಗಿ ಮಾಡಿತು: ಹೆಸರಿಸಿದ ಕೆಲವು ಸರೋವರಗಳು ತೆರೆದೇ ಇರುವುವು, ಮಿಕ್ಕವುಗಳಲ್ಲಿ, ನೆಲದೊಡೆಯನು ತನ್ನ ಮೇರೆಯನ್ನು ಗುರುತುಹಾಕಿ ಮುಚ್ಚಿದಲ್ಲದೆ, ಜನರು ಹೋಗಬಹುದು. ಮುಳುಗಿದ ಹೊಲವೂ, ಸೃಷ್ಟಿಯಾದಂದಿನಿಂದ ಇದ್ದ ಸರೋವರವೂ ಒಂದೇ ಅಲ್ಲವೆಂದು ವಿವೇಕಿಗಳು ಒಪ್ಪಿದರೆಂಬುದು ಇದರ ಅರ್ಥ.

ಮನೆಗಳಿಂದ ಸುತ್ತುವರಿದ ಸಾರ್ವಜನಿಕ ಸರೋವರಗಳ ವಿಷಯದಲ್ಲಿ ನಮ್ಮ ಅಭಿಪ್ರಾಯವಾದರೋ ಸ್ಪಷ್ಟವಾಗಿದೆ. ದೋಣಿಗಟ್ಟೆಯ ಹಲಗೆ ಗೃಹಸ್ಥನದು. ಅದರ ಮೇಲೆ ಕಾಲಿಡಲು, ಅದಕ್ಕೆ ಹಗ್ಗ ಬಿಗಿಯಲು ಇತರರಿಗೆ ಅಧಿಕಾರವಿಲ್ಲ. ಆದರೆ ಆ ಕಟ್ಟೆಯು ನಿಂತಿರುವುದು ಪ್ರಜೆಗಳ ನೀರಿನಲ್ಲಿ, ಸಂಸ್ಥಾನವು ಕೊಟ್ಟ ಸಮ್ಮತಿಯ ಮೇಲೆ. ವಿಸ್ಕಾನ್ಸಿನ್ನಿನಲ್ಲಿ ಬೇರೆ ಪರವಾನಗಿಯಿಲ್ಲದೆ ಕಟ್ಟಬಹುದಾದ ಕಟ್ಟೆಯು ಸಾಮಾನ್ಯವಾಗಿ 6 ಅಡಿಗಿಂತ ಅಗಲವಾಗಿರಕೂಡದು. ಹೀಗೆ ಸಾರ್ವಜನಿಕರ ನೀರಿನಲ್ಲಿ ಕಂಬ ನೆಡುವ ಅನುಕೂಲವನ್ನು ಪಡೆದವನೇ, ಆ ಕಂಬದ ಸುತ್ತಣ ನೀರಿಗೆ ಸಾರ್ವಜನಿಕರು ಬರಬಾರದೆಂದು ಹೇಳುವುದು ಸಲ್ಲದು. ಕೊಳವೆಯಿಂದ ನೀರೆರಚಿ ಬೇಟೆಗಾರರನ್ನು ಓಡಿಸುವುದು, ಬೇಕೆಂದೇ ದೋಣಿ ಸುತ್ತಿಸಿ ನೀರನ್ನು ಕದಡುವುದು ಇವು ಗೃಹಸ್ಥರಿಗೆ ತಕ್ಕ ನಡತೆಯೂ ಅಲ್ಲ. ಬೇಟೆಗೆ ಬೇಕೆಂದೇ ಅಡ್ಡಿಮಾಡುವುದನ್ನು ಶಿಕ್ಷಾರ್ಹವೆನ್ನುವ ಶಾಸನಗಳು ಅಲ್ಲಿಯ 50 ಸಂಸ್ಥಾನಗಳಲ್ಲಿಯೂ ಇದ್ದು, ಅವುಗಳಲ್ಲಿ ಅನೇಕವು ಮೀನು ಹಿಡಿಯುವವರ ರಕ್ಷಣೆಗೂ ಒದಗುವುವು. ಅಂತೆಯೇ ಬೇಟೆಗಾರನೂ ಹಕ್ಕಿನ ಕಾಗದವನ್ನು ಎದುರಿಗೆ ಹಿಡಿದು ಅವಿವೇಕವಾಗಿ ವರ್ತಿಸಬಾರದು. ಮಕ್ಕಳು ಈಜುತ್ತಿರುವ ಕಡೆ ಕೊಕ್ಕೆಯನ್ನೆಸೆಯುವವನಿಗೆ ಯಾವ ನ್ಯಾಸತತ್ತ್ವವೂ ಆಸರೆಯಾಗಲಾರದು. ಸಿಕ್ಕಿಕೊಂಡ ಕೊಕ್ಕೆಯನ್ನು ಮನೆಯವರಿಗೆ ಹೇಳಿ ಬಿಡಿಸಿಕೊಂಡು ಹೋಗುವಷ್ಟು ಸೌಜನ್ಯವಿದ್ದರೆ ಅರ್ಧ ಜಗಳವು ಹುಟ್ಟುವುದೇ ಇಲ್ಲ.

ಆದರೆ ಈ ಜಗಳದ ಗದ್ದಲದಲ್ಲಿ ಇನ್ನೊಬ್ಬನ ಧ್ವನಿಯು ಯಾರಿಗೂ ಕೇಳಿಬರುತ್ತಿಲ್ಲ. ಕಟ್ಟೆಯ ಒಡೆಯನೂ ಅನುಕೂಲಸ್ಥನು; ಯಂತ್ರದ ದೋಣಿಯನ್ನು ಬಂಡಿಗೆ ಕಟ್ಟಿಕೊಂಡು ಬರುವ ಬೇಟೆಗಾರನೂ ಬಡವನಲ್ಲ. ಇವರಿಬ್ಬರೂ ಹೇಗೋ ನೀರನ್ನು ಸೇರಿರುವರು. ಸೇರಿದ ಮೇಲೆ ಕಾದಾಡುವರು. ದೋಣಿಯಿಲ್ಲದೆ, ಮನೆಯಿಲ್ಲದೆ, ರಜೆಯ ದಿನ ಮಗನ ಕೈ ಹಿಡಿದು ಒಂದು ಗಾಳದ ಕೋಲಿನೊಡನೆ ಬರುವ ಕೂಲಿಕಾರನ ಗತಿಯೇನು? ನೀರು ಅವನದೂ ಹೌದೆಂದು ನ್ಯಾಯಾಲಯಗಳು ಸಾರಿವೆ. ಆದರೆ ನೀರಿನ ಸುತ್ತಲೂ ಬೇಲಿಯಿಂದ ಬೇಲಿಗೆ ಖಾಸಗಿ ನೆಲವಿದ್ದರೆ ಅವನು ಅದನ್ನು ಮುಟ್ಟುವುದೆಂತು? ದಡದವನ ಅಂಗಳವನ್ನು ದಾಟಿದರೆ ಅತಿಕ್ರಮಿಯಾಗುವನು. ದಾರಿಯಿಲ್ಲದ ಹಕ್ಕು ಕಾಗದದ ಮೇಲಿನ ಹಕ್ಕು. ದಡವೆಲ್ಲವೂ ಮಾರಾಟವಾದ ಸರೋವರವು ಹೆಸರಿಗೆ ಪ್ರಜೆಗಳದು, ಅನುಭವಕ್ಕೆ ದಡದವರದು. ಜಗಳದ ನಿಜವಾದ ಗಂಟು ಇಲ್ಲಿರುವುದೇ ಹೊರತು ದೋಣಿಗಟ್ಟೆಯ ನೆರಳಿನಲ್ಲಲ್ಲವೆಂದು ನಮಗೆ ತೋರುವುದು.

ಇದನ್ನು ಹಿಂದಿನವರು ಚೆನ್ನಾಗಿ ಅರಿತಿದ್ದರು. ಮ್ಯಾಸಚೂಸೆಟ್ಸ್ ವಸಾಹತಿನವರು 1641ರಿಂದ 1647ರ ಅವಧಿಯಲ್ಲಿ ಮಾಡಿದ ಕಟ್ಟಳೆಯಲ್ಲಿ, 10 ಎಕರೆಗೆ ಮೇಲ್ಪಟ್ಟ ದೊಡ್ಡ ಕೊಳಗಳಲ್ಲಿ ಮೀನು ಹಿಡಿಯಲು, ಹಕ್ಕಿ ಹೊಡೆಯಲು ಎಲ್ಲರಿಗೂ ಸ್ವಾತಂತ್ರ್ಯವಿತ್ತುದಲ್ಲದೆ, ಅದಕ್ಕಾಗಿ ಇತರರ ನೆಲದ ಮೇಲೆ ಕಾಲ್ನಡೆಯಾಗಿ ಹೋಗಿಬರಬಹುದೆಂದೂ ಬರೆದರು. ಬೆಳೆದ ಪೈರನ್ನೂ ಹುಲ್ಲುಗಾವಲನ್ನೂ ತುಳಿಯಬಾರದೆಂಬುದೊಂದೇ ನಿರ್ಬಂಧ. ನೀರನ್ನು ಕೊಟ್ಟವರು ದಾರಿಯನ್ನೂ ಕೊಟ್ಟರು. ದಾರಿಯನ್ನು ಕೊಟ್ಟಾಗ ರೈತನ ಪೈರನ್ನೂ ಕಾಯ್ದರು. ಹಿಂದೆ ಮ್ಯಾಸಚೂಸೆಟ್ಸಿಗೆ ಸೇರಿದ್ದು 1820ರಲ್ಲಿ ಪ್ರತ್ಯೇಕ ಸಂಸ್ಥಾನವಾದ ಮೇನ್ ನಾಡಿನಲ್ಲಿ ಇಂದಿಗೂ ಸಾಗುವಳಿಯಿಲ್ಲದ, ಕಟ್ಟಡವಿಲ್ಲದ ನೆಲವನ್ನು ನಡೆದು ದಾಟಿ ಇಂಥ ಕೊಳಗಳನ್ನು ಸೇರುವ ಹಕ್ಕು ಜನರಿಗಿದೆ.

ವಿಸ್ಕಾನ್ಸಿನ್ನಿನವರ ಉಪಾಯವು ಹೊಸ ಕಾಲಕ್ಕೆ ಹೆಚ್ಚು ಹೊಂದುವಂಥದು. ನೌಕಾಯೋಗ್ಯವಾದ ಸರೋವರದ ದಡದಲ್ಲಿ ಹೊಸ ಬಡಾವಣೆಯ ನಕ್ಷೆಗೆ ಮಂಜೂರಾತಿ ಬೇಕಾದರೆ, ಸಾರ್ವಜನಿಕ ರಸ್ತೆಯಿಂದ ನೀರಿನವರೆಗೆ 60 ಅಡಿಗೆ ಕಡಮೆಯಿಲ್ಲದ ಅಗಲದ ದಾರಿಯನ್ನು, ಅರ್ಧ ಮೈಲಿಗಿಂತ ದೂರವಾಗದಂತೆ, ಅಲ್ಲಲ್ಲಿ ಬಿಡಬೇಕೆಂದು ಅವರ ಶಾಸನವು ಸಾಮಾನ್ಯ ನಿಯಮವಾಗಿ ವಿಧಿಸಿರುವುದು. ನಿವೇಶನವು ಮಾರಾಟವಾಗುವ ಮೊದಲೇ ದಾರಿಯು ನಕ್ಷೆಯಲ್ಲಿ ಮೂಡಿರುವುದರಿಂದ, ಕೊಳ್ಳುವವನು ತಿಳಿದೇ ಕೊಳ್ಳುವನು. ಆಮೇಲೆ ಮೋಸಹೋದೆನೆನ್ನಲು ಅವನಿಗೆ ಎಡೆಯಿಲ್ಲ. ಇನ್ನೊಂದು ನಿಯಮವೂ ಅಲ್ಲಿದೆ. ಸಾರ್ವಜನಿಕರಿಗೆ ನ್ಯಾಯವಾದ ದಾರಿಯಿಲ್ಲದ ಸರೋವರಕ್ಕೆ ಮರಿಮೀನು ಬಿಡುವುದೇ ಮೊದಲಾದ ಅಭಿವೃದ್ಧಿಯ ಕೆಲಸಗಳನ್ನು ಸರಕಾರದ ಇಲಾಖೆಯು ಮಾಡುವುದಿಲ್ಲ. ಜನರನ್ನು ಹೊರಗಿಡುವವರು ಜನರ ಹಣವನ್ನೂ ಬಯಸಬಾರದೆಂಬ ಈ ನೀತಿಯನ್ನು ನಾವು ಮನಃಪೂರ್ವಕವಾಗಿ ಮೆಚ್ಚುವೆವು.

ದಾರಿಯೆಂದರೆ ಸುಲಿಗೆಯಲ್ಲವೆಂಬುದಕ್ಕೆ ಮಿಚಿಗನ್ನಿನ ಹಿಗಿನ್ಸ್ ಸರೋವರದ ನಿದರ್ಶನವನ್ನು ಹೇಳಬಹುದು. ಅಲ್ಲಿ ಹಳೆಯ ಬಡಾವಣೆಗಳ ರಸ್ತೆಗಳು ನೀರಿನಂಚಿಗೆ ಬಂದು ಮುಗಿಯುವುವು. ಈ ರಸ್ತೆಯ ತುದಿಗಳಲ್ಲಿ ಹೊರಗಿನವರು ಬಂದು ದೋಣಿಗಳನ್ನು ರಾತ್ರಿಯೆಲ್ಲ ಕಟ್ಟುವುದು, ಬಿಸಿಲು ಕಾಯುವುದು, ವನಭೋಜನ ಮಾಡುವುದು ನೆರೆಯವರಿಗೆ ಉಪದ್ರವವಾಯಿತು. 2003ರಲ್ಲಿ ಅಲ್ಲಿಯ ಅಪೀಲು ನ್ಯಾಯಾಲಯವು, ದಾರಿಯು ನೀರನ್ನು ಸೇರುವುದಕ್ಕಾಗಿ ಇರತಕ್ಕುದು; ಈಜಲು, ಗಾಳ ಹಾಕಲು, ದೋಣಿಯಲ್ಲಿ ಹೋಗಲು ಅದರ ಮೂಲಕ ಇಳಿಯಬಹುದು; ಅಲ್ಲಿಯೇ ಬೀಡುಬಿಡುವಂತಿಲ್ಲವೆಂದು ಮಿತಿಯನ್ನು ಹಾಕಿತು. 2012ರಲ್ಲಿ ಶಾಸನಸಭೆಯು ಇದೇ ಜಾಡಿನಲ್ಲಿ ಕಾನೂನು ಮಾಡಿತು. ಪ್ರಜೆಯ ದಾರಿಯನ್ನು ಗೃಹಸ್ಥನು ಮುಚ್ಚಬಾರದು, ಪ್ರಜೆಯೂ ಅದನ್ನು ತನ್ನ ಮನೆಯಂಗಳವಾಗಿ ಮಾಡಿಕೊಳ್ಳಬಾರದು.

ಇನ್ನು ನಮ್ಮ ನಾಡಿನ ಕಡೆಗೆ ನೋಡೋಣ. ಹಿಮಾಚಲ ಪ್ರದೇಶದಲ್ಲಿ ಬಿಯಾಸ್ ನದಿಯ ದಡದ ವಿಹಾರಗೃಹವೊಂದರ ರಕ್ಷಣೆಗಾಗಿ ನದಿಯ ಪಾತ್ರವನ್ನೇ ತಿರುಗಿಸಲು ಹೊರಟ ಪ್ರಕರಣದಲ್ಲಿ, ನಮ್ಮ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ನ್ಯಾಯಮೂರ್ತಿ ಕುಲದೀಪ್ ಸಿಂಗರು ಮೇಲೆ ಹೇಳಿದ 1892ರ ಷಿಕಾಗೋ ತೀರ್ಪನ್ನು ಉಲ್ಲೇಖಿಸಿ, ಸಾರ್ವಜನಿಕ ನ್ಯಾಸತತ್ತ್ವವು ಭಾರತದ ಕಾನೂನಿನ ಅಂಗವೆಂದು ಸಾರಿದರು. ಕರ್ನಾಟಕದಲ್ಲಿ ಇದಕ್ಕೆ ಇನ್ನೂ ಗಟ್ಟಿಯಾದ ತಳಹದಿಯಿದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೆಯ ಪ್ರಕರಣವು, ಬೇರೆಯವರ ಹಕ್ಕು ಸ್ಥಾಪಿತವಾಗಿರದ ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿಗಳನ್ನೂ, ನದಿ, ಹಳ್ಳ, ಕೆರೆಗಳನ್ನೂ ಸರಕಾರದ ಸ್ವತ್ತೆಂದು ಒಂದೇ ಪಟ್ಟಿಯಲ್ಲಿ ಹೇಳುವುದು. ಕೆರೆಯೂ ಕೆರೆಯ ದಾರಿಯೂ ಆ ಪಟ್ಟಿಯಲ್ಲಿ ಜೊತೆಯಾಗಿಯೇ ಇರುವುದನ್ನು ನಮ್ಮ ಅಧಿಕಾರಿಗಳು ಗಮನಿಸಬೇಕು.

ಆದರೂ ನಡೆಯುವುದೇನು? ಬೆಂಗಳೂರಿನ ಕೆಲವು ಕೆರೆಗಳನ್ನು ಅಭಿವೃದ್ಧಿಯ ಹೆಸರಿನಲ್ಲಿ ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟಾಗ 2008ರಲ್ಲಿ ಹೈಕೋರ್ಟಿಗೆ ಅರ್ಜಿ ಹೋಗಬೇಕಾಯಿತು. ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಸಮಿತಿಯ ವರದಿಯನ್ನು ಆಧರಿಸಿ 2012ರಲ್ಲಿ ನ್ಯಾಯಾಲಯವು ಕೆರೆಗಳ ರಕ್ಷಣೆಗೆ ಆದೇಶಗಳನ್ನಿತ್ತಿತು. ಗುತ್ತಿಗೆಯೆಂಬುದು ಎಲ್ಲರ ಕಣ್ಣಿಗೆ ಬೀಳುವ ಅಪಹಾರ. ಬಡಾವಣೆಯ ಗೋಡೆಯಾದರೋ ಸದ್ದಿಲ್ಲದೆ ಏಳುವುದು. ಕೆರೆಯಂಗಳದ ಪಕ್ಕದ ಹೊಲಗಳು ನಿವೇಶನಗಳಾಗುವುವು. ದನ ಹೋಗುತ್ತಿದ್ದ ಓಣಿ, ಅಗಸನ ಕಾಲುದಾರಿ, ಬೆಸ್ತನು ಹರಿಗೋಲು ಇಳಿಸುತ್ತಿದ್ದ ಕಡವು ಇವು ಕಾವಲುಗಾರನಿರುವ ಗೇಟಿನ ಒಳಗೆ ಸೇರಿಹೋಗುವುವು. ಗ್ರಾಮನಕ್ಷೆಯಲ್ಲಿ ಬಂಡಿದಾರಿಯ ಗೆರೆ ಉಳಿಯುವುದು; ನೆಲದ ಮೇಲೆ ಬಂಡಿಗೆ ದಾರಿಯಿಲ್ಲ.

ನಮಗೂ ಅಮೇರಿಕೆಯವರಿಗೂ ಇರುವ ಒಂದು ಭೇದವನ್ನು ಮರೆಯಕೂಡದು. ಅಲ್ಲಿಯ ಗಾಳಗಾರನಿಗೆ ಮೀನು ವಿನೋದ. ಹಿಡಿದ ಮೀನನ್ನು ಎಷ್ಟೋ ಸಲ ಮರಳಿ ನೀರಿಗೇ ಬಿಡುವನು. ನಮ್ಮ ಕೆರೆಯ ಬೆಸ್ತನಿಗೆ ಅದು ಅನ್ನ. ಮೀನು ಹಿಡಿಯುವ ಹಕ್ಕನ್ನು ಸರಕಾರವು ಸಹಕಾರ ಸಂಘಗಳಿಗೂ ಇತರರಿಗೂ ಗುತ್ತಿಗೆಗೆ ಕೊಡುವ ಪದ್ಧತಿ ನಮ್ಮಲ್ಲಿದೆ. ಹಣ ತೆತ್ತು ಗುತ್ತಿಗೆ ಹಿಡಿದವನಿಗೆ ಕೆರೆಯ ದಡವನ್ನು ಸೇರಲು ಬಡಾವಣೆಯವರ ಅಪ್ಪಣೆ ಬೇಕಾಗುವುದಾದರೆ, ಸರಕಾರವು ಅವನಿಗೆ ಮಾರಿದುದು ಏನನ್ನು? ಹೊಸ ನಿವಾಸಿಗಳಲ್ಲಿ ಕೆರೆಯ ಮೇಲೆ ನಿಜವಾದ ಮಮತೆಯುಳ್ಳವರು ಬಹುಮಂದಿ ಇರುವರು. ಹೂಳು ತೆಗೆಯಿಸಲು, ಕೊಳಚೆಯನ್ನು ತಡೆಯಲು ಅವರು ಪಡುವ ಶ್ರಮವು ಶ್ಲಾಘ್ಯವೇ ಸರಿ. ಆದರೆ ನಡೆದಾಡುವವರಿಗೆ ಕೆರೆಯು ಚೆನ್ನಾಗಿ ಕಾಣಬೇಕೆಂಬ ಕಾರಣದಿಂದ, ಅದನ್ನು ನಂಬಿ ಬದುಕಿದವನ ಬಲೆಯು ಕಣ್ಣಿಗೆ ಅಸಹ್ಯವೆನ್ನುವುದು ಮಮತೆಯ ಲಕ್ಷಣವಲ್ಲ.

ಆದುದರಿಂದ ನಾವು ಸರಕಾರದವರನ್ನು ಕೇಳುವುದು ಮೂರೇ ಮಾತುಗಳನ್ನು. ಮೊದಲನೆಯದಾಗಿ, ಕೆರೆಯ ಪಕ್ಕದ ಯಾವ ಬಡಾವಣೆಯ ನಕ್ಷೆಗೂ, ಸಾರ್ವಜನಿಕ ರಸ್ತೆಯಿಂದ ನೀರಿನವರೆಗೆ ತೆರೆದ ದಾರಿಯನ್ನು ಗುರುತಿಸದೆ, ಮಂಜೂರಾತಿ ಕೊಡಬಾರದು. ಎರಡನೆಯದಾಗಿ, ಗ್ರಾಮನಕ್ಷೆಗಳಲ್ಲಿರುವ ಹಳೆಯ ಓಣಿಗಳನ್ನೂ ಬಂಡಿದಾರಿಗಳನ್ನೂ ಅಳತೆಮಾಡಿಸಿ ಕಲ್ಲು ನೆಡಿಸಿ, ಮುಚ್ಚಿದವುಗಳನ್ನು ತೆರೆಯಿಸಬೇಕು. ಮೂರನೆಯದಾಗಿ, ಜನರಿಗೆ ಬಾಗಿಲು ಹಾಕಿದ ಕೆರೆಗೆ ಜನರ ಬೊಕ್ಕಸದಿಂದ ಒಂದು ಕಾಸೂ ವೆಚ್ಚವಾಗಬಾರದು. ಇವುಗಳಿಗೆ ದೊಡ್ಡ ಹಣವೂ ಬೇಡ, ಹೊಸ ಇಲಾಖೆಯೂ ಬೇಡ. ತಾಲ್ಲೂಕು ಕಛೇರಿಯಲ್ಲಿ ಸುರುಳಿ ಸುತ್ತಿಟ್ಟಿರುವ ನಕ್ಷೆಯನ್ನು ಬಿಚ್ಚಿ ನೋಡುವ ಮನಸ್ಸು ಬೇಕು.

ದಡವೆಲ್ಲ ಮಾರಾಟವಾದ ಮೇಲೆ ದಾರಿಯನ್ನು ಹುಡುಕಹೊರಟವರು ಎಷ್ಟು ವ್ಯಾಜ್ಯಗಳನ್ನು ಕಾಣಬೇಕಾಗುವುದೆಂಬುದನ್ನು ಅಮೇರಿಕೆಯ ಸಂಸ್ಥಾನಗಳು ತೋರಿಸಿಕೊಟ್ಟಿವೆ. ನಮ್ಮ ಹಲವು ಊರುಗಳ ಕೆರೆಗಳ ಸುತ್ತ ನೆಲವು ಇನ್ನೂ ಪೂರ್ತಿಯಾಗಿ ನಿವೇಶನವಾಗಿಲ್ಲ. ಅದು ಆಗುವುದರೊಳಗೆ ಪೌರಸಭೆಗಳೂ ಕಂದಾಯದ ಅಧಿಕಾರಿಗಳೂ ಈ ಕೆಲಸಕ್ಕೆ ಕೈಹಾಕುವರೆಂದು ನಾವು ನಿರೀಕ್ಷಿಸುವೆವು.